ಬೆಳಿಗ್ಗೆ ಸರಿ, ಸಂಜೆ ಕೈಕೊಡುವ ಕೂಲರ್: ವಾಲ್ವ್ ದೋಷ ಗುರುತಿಸುವುದು ಹೇಗೆ?



ನಿಮ್ಮ ಸಂಘದ ಬಲ್ಕ್ ಮಿಲ್ಕ್ ಕೂಲರ್ ಬೆಳಗಿನ ಹಾಲನ್ನು ಚೆನ್ನಾಗಿ ತಂಪು ಮಾಡುತ್ತದೆ. ಸಂಜೆಯ ಹಾಲು ಮಾತ್ರ 4 ಡಿಗ್ರಿಗೆ ಇಳಿಯುವುದಿಲ್ಲ. ಮೆಕ್ಯಾನಿಕ್ ಮರುದಿನ ಬೆಳಿಗ್ಗೆ ಬಂದು ನೋಡಿದರೆ ಎಲ್ಲವೂ ಸರಿ! ಹೀಗಾದಾಗ ಸೊಲೆನಾಯ್ಡ್ ವಾಲ್ವ್ ಕಡೆ ಒಮ್ಮೆ ಗಮನ ಕೊಡಿ.

ಕೂಲರ್‌ನ ತಾಮ್ರದ ಪೈಪಿನಲ್ಲಿ ಗ್ಯಾಸ್ ದ್ರವವಾಗಿ ಹರಿಯುವ ದಾರಿಗೆ ಇದು ಬಾಗಿಲಿದ್ದಂತೆ. ವಾಲ್ವ್ ಮೇಲಿನ ಕಾಯಿಲ್‌ಗೆ ಕರೆಂಟ್ ಬಂದಾಗ ಅದು ಅಯಸ್ಕಾಂತವಾಗಿ ಒಳಗಿನ ಕಬ್ಬಿಣದ ಕಡ್ಡಿಯನ್ನು ಮೇಲೆಳೆಯುತ್ತದೆ, ದಾರಿ ತೆರೆಯುತ್ತದೆ. ಕರೆಂಟ್ ನಿಂತರೆ ಮುಚ್ಚುತ್ತದೆ.

ಬಿಸಿಲಿಗೂ ಇದಕ್ಕೂ ಏನು ಸಂಬಂಧ?

ಚಿದ್ರಿಯಿರಲಿ, ಭಾಲ್ಕಿ, ಔರಾದ್ ಕಡೆಯ ಹಳ್ಳಿಯಿರಲಿ, ಬೇಸಿಗೆಯ ಮಧ್ಯಾಹ್ನ ಬಿಸಿಲು 40 ಡಿಗ್ರಿ ಮುಟ್ಟುವುದುಂಟು. ತಾಮ್ರದ ತಂತಿ ಬಿಸಿಯಾದಷ್ಟೂ ಕರೆಂಟ್‌ಗೆ ಅಡ್ಡಿ ಹೆಚ್ಚು. ಕಾಯಿಲ್ 50 ಡಿಗ್ರಿಯಷ್ಟು ಹೆಚ್ಚು ಬಿಸಿಯಾದರೆ ಈ ಅಡ್ಡಿ ಸುಮಾರು ಐದನೇ ಒಂದು ಪಾಲು ಏರುತ್ತದೆ, ಎಳೆಯುವ ಶಕ್ತಿ ಕುಗ್ಗುತ್ತದೆ. ಸಂಜೆ ವೋಲ್ಟೇಜ್ ಕೂಡ ಇಳಿದರೆ ಕಡ್ಡಿ ಮೇಲೇಳುವುದೇ ಇಲ್ಲ. ರಾತ್ರಿ ಕಾಯಿಲ್ ತಣ್ಣಗಾದ ಮೇಲೆ ಮತ್ತೆ ಕೆಲಸ ಮಾಡುತ್ತದೆ. ಬೆಳಿಗ್ಗೆ ಪರೀಕ್ಷಿಸಿದರೆ ದೋಷ ಸಿಗದಿರುವುದು ಇದಕ್ಕೇ.

ಗಮನಿಸಬೇಕಾದ ಲಕ್ಷಣಗಳು

1. ಕೂಲರ್ ಶುರುವಾಗುವಾಗ ವಾಲ್ವ್‌ನಿಂದ ‘ಟಕ್’ ಎಂಬ ಸದ್ದು ಬರಬೇಕು. ಸದ್ದಿಲ್ಲದಿದ್ದರೆ, ಅಥವಾ ‘ಗುಂಯ್’ ಎಂಬ ಜೋರು ಸದ್ದು ನಿಲ್ಲದಿದ್ದರೆ ಅನುಮಾನಿಸಿ.
2. ಕಂಪ್ರೆಸರ್ ಶುರುವಾಗುವುದೇ ಇಲ್ಲ, ಅಥವಾ ಶುರುವಾಗಿ ಬೇಗನೆ ನಿಲ್ಲುತ್ತದೆ. ವಾಲ್ವ್ ತೆರೆಯದಿದ್ದರೆ ಹೀಗಾಗಬಹುದು. ಗ್ಯಾಸ್ ಕಡಿಮೆಯಾದರೂ ಹೀಗಾಗಬಹುದು.
3. ವಾಲ್ವ್‌ನ ಹಿಂದಿನ ಪೈಪು ಬೆಚ್ಚಗಿದ್ದು, ಮುಂದಿನದು ತಣ್ಣಗೆ ಬೆವತಿದ್ದರೆ ದಾರಿ ಅರ್ಧ ಕಟ್ಟಿಕೊಂಡಿದೆ ಎಂದರ್ಥ. ಎರಡೂ ಕಡೆ ಸುಮಾರು ಒಂದೇ ಬಿಸಿ ಇರಬೇಕು.
4. ಕಾಯಿಲ್ ಬೆಚ್ಚಗಿರುವುದು ಸಹಜ. ಸುಟ್ಟ ವಾಸನೆ ಬಂದರೆ ಮಾತ್ರ ತಕ್ಷಣ ಮೇನ್ ಸ್ವಿಚ್ ಆಫ್ ಮಾಡಿ.

ಒಂದು ಎಚ್ಚರ: ಕಂಪ್ರೆಸರ್ ನಿಲ್ಲದೆ ಓಡಿದರೂ ಹಾಲು ನಿಧಾನವಾಗಿ ತಂಪಾಗುತ್ತಿದ್ದರೆ ಮೊದಲು ಕಂಡೆನ್ಸರ್ ಜಾಲರಿಯ ಧೂಳು ನೋಡಿ. ಎಲ್ಲ ತಪ್ಪನ್ನೂ ವಾಲ್ವ್ ತಲೆಗೆ ಕಟ್ಟಬೇಡಿ.

ನೀವು ಮಾಡಬೇಕಾದದ್ದು

ಸಂಘದಲ್ಲಿ ಒಂದು ನೋಟ್‌ಬುಕ್ ಇಡಿ. ಹಾಲು ಸುರಿದ ಸಮಯ, ಹಾಲಿನ ಉಷ್ಣಾಂಶ, 4 ಡಿಗ್ರಿ ಮುಟ್ಟಿದ ಸಮಯ, ವೋಲ್ಟೇಜ್ ಇವಿಷ್ಟನ್ನು ಎರಡೂ ಹೊತ್ತು ಬರೆಯಿರಿ. ಒಂದು ವಾರದಲ್ಲಿ ಸಂಜೆಯ ತೊಂದರೆ ತಾನಾಗಿ ಕಾಣುತ್ತದೆ. ಮೆಕ್ಯಾನಿಕ್‌ಗೆ ಅದನ್ನು ತೋರಿಸಿ, “ಸಂಜೆ, ಮಷೀನು ಬಿಸಿಯಿರುವಾಗಲೇ ಬಂದು ನೋಡಿ” ಎಂದು ಒತ್ತಾಯಿಸಿ. ಕಾಯಿಲ್‌ನ ರೋಧವನ್ನು ತಣ್ಣಗಿರುವಾಗ ಒಮ್ಮೆ, ಬಿಸಿಯಾದಾಗ ಒಮ್ಮೆ ಅಳೆದು ಹೋಲಿಸಲು ಹೇಳಿ.

ಒದ್ದೆ ಕೈಯಲ್ಲಿ ವೈರ್ ಮುಟ್ಟಬೇಡಿ. ಕರೆಂಟ್ ಇರುವಾಗ ಕಾಯಿಲನ್ನು ವಾಲ್ವ್‌ನಿಂದ ಎತ್ತಬೇಡಿ. ಒಳಗೆ ಕಡ್ಡಿ ಇಲ್ಲದೆ ಅದು ಬೇಗ ಸುಟ್ಟುಹೋಗುತ್ತದೆ.

ಒಬ್ಬರ ಕ್ಯಾನ್ ಹಾಲು ಒಡೆದರೆ ಒಂದು ಮನೆಗೆ ನಷ್ಟ. ಕೂಲರ್ ಹಾಲು ಕೆಟ್ಟರೆ ಊರಿನ ಎಲ್ಲ ಮನೆಗೂ ನಷ್ಟ. ಈ ಸಂಜೆ ಹಾಲು ಹಾಕಲು ಹೋದಾಗ ಒಂದು ನಿಮಿಷ ನಿಂತು ಆ ‘ಟಕ್’ ಸದ್ದು ಕೇಳಿಸಿಕೊಂಡು ಬನ್ನಿ.