ಹೇಳೋಕೆ ಪದವೇ ಇಲ್ಲದ ಮಗು ದೂರು ಹೇಗೆ ಕೊಡಬೇಕು? ಲೈಂಗಿಕ ಶಿಕ್ಷಣದ ಕಥೆ, ಕರ್ನಾಟಕದಿಂದ ಜಪಾನ್‌ವರೆಗೆ

(ಪಾಡ್‌ಕಾಸ್ಟ್ ಸಂಚಿಕೆಯ ಲಿಖಿತ ರೂಪ. ಓದಲು ಅನುಕೂಲವಾಗಲಿ ಅಂತ ಅಲ್ಲಲ್ಲಿ ತಿದ್ದಲಾಗಿದೆ.)

ಇಯರ್‌ಫೋನ್ ಹಾಕ್ಕೊಂಡಿದ್ದೀರಾ? ಬಸ್ಸಲ್ಲಿ ಸ್ಪೀಕರ್ ಆನ್ ಮಾಡಿ ಕೇಳೋ ಸಂಚಿಕೆ ಇದಲ್ಲ ಅಂತ ನಿಮಗೇ ಅನ್ನಿಸಬಹುದು. ಯಾಕೆ ಹಾಗನ್ನಿಸುತ್ತೆ ಅನ್ನೋದೇ ಇವತ್ತಿನ ವಿಷಯ.

ಮೊದಲು ಒಂದು ಸಣ್ಣ ಪರೀಕ್ಷೆ. ಮೂಗು, ಮೊಣಕೈ, ಹೊಟ್ಟೆ ಅಂತ ಮೂರು ವರ್ಷದ ಮಗು ಕೂಡ ಬೆರಳಿಟ್ಟು ತೋರಿಸಿ ಹೇಳುತ್ತೆ. ಈಗ ಜನನಾಂಗಕ್ಕೆ ನಿಮ್ಮ ಅಮ್ಮನ ಮುಂದೆ ಸಲೀಸಾಗಿ ಹೇಳಬಹುದಾದ ಒಂದು ಕನ್ನಡ ಪದ ಹುಡುಕಿ. ಸಿಗಲ್ಲ. ಒಂದು ಕಡೆ ಪಠ್ಯಪುಸ್ತಕದ ‘ಶಿಶ್ನ’, ‘ಯೋನಿ’ ಇವೆ, ಪರೀಕ್ಷೆಯಲ್ಲಿ ಬರೆಯೋಕಷ್ಟೇ. ಇನ್ನೊಂದು ಕಡೆ ಬೈಗುಳ. ನಡುವೆ ಉಳಿಯೋದು ‘ಅದು’, ‘ಅಲ್ಲಿ’, ‘ಪ್ರೈವೇಟ್ ಪಾರ್ಟ್’. ಮುಟ್ಟಿಗೂ ಅಷ್ಟೇ: ‘ಹೊರಗಾಗಿದ್ದಾಳೆ’, ‘ಕಾಗೆ ಮುಟ್ಟಿದೆ’, ‘ಡೇಟ್ ಆಗಿದೆ’. ಹುಡುಗರಿಗೆ ಇಷ್ಟೂ ಇಲ್ಲ. ನಿದ್ದೆಯಲ್ಲಿ ವೀರ್ಯ ಹೋದ್ರೆ ಅದು ಕಾಯಿಲೆನಾ, ಸಹಜನಾ ಅಂತ ಕೇಳೋಕೆ ಮನೇಲಿ ಯಾರೂ ಇರಲ್ಲ.

ಇದು ಬರೀ ನಾಚಿಕೆಯ ವಿಷಯ ಆಗಿದ್ರೆ ಬಿಡಬಹುದಿತ್ತು. ಆದ್ರೆ 2012ರಲ್ಲಿ ಬಂದ ಪೋಕ್ಸೊ ಕಾಯ್ದೆ ನೋಡಿ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡೋ ಕಾನೂನು. ಮಗುವಿನ ಹೇಳಿಕೆ ಪಡೆಯುವಾಗ ಪೊಲೀಸರು ಸಮವಸ್ತ್ರದಲ್ಲಿ ಇರಬಾರದು ಅನ್ನುತ್ತೆ. ಮಗು ನಂಬುವ ದೊಡ್ಡವರೊಬ್ಬರ ಎದುರಲ್ಲಿ, ಮಗು ಹೇಳಿದ ಹಾಗೆಯೇ ಬರೆದುಕೊಳ್ಳಬೇಕು ಅನ್ನುತ್ತೆ. ತುಂಬಾ ಒಳ್ಳೆಯ ನಿಯಮ. ಆದ್ರೆ ಮಗುವಿಗೆ ಹೇಳೋಕೆ ಪದವೇ ಇಲ್ಲದಿದ್ರೆ? ಏನಾಯ್ತು ಅಂತ ವಿವರಿಸೋಕೆ ಹೋದ್ರೆ ‘ಛೀ, ಹಾಗೆಲ್ಲ ಮಾತಾಡಬಾರದು’ ಅಂತ ಮೊದಲೇ ಬಾಯಿ ಮುಚ್ಚಿಸಿದ್ರೆ? ಕಾನೂನು ಮಗುವಿನ ಮಾತಿನ ಮೇಲೆ ನಿಂತಿದೆ. ಆ ಮಾತನ್ನ ಕಲಿಸೋದಕ್ಕೆ ಮಾತ್ರ ನಾವು ತಯಾರಿಲ್ಲ.

2007: ಒಂದೇ ವರ್ಷ, ಎರಡು ಸುದ್ದಿ

ಕೇಂದ್ರ ಸರ್ಕಾರ 2005ರ ಹೊತ್ತಿಗೆ ಶಾಲೆಗಳಿಗೆ ಹದಿಹರೆಯದ ಶಿಕ್ಷಣ ಕಾರ್ಯಕ್ರಮ ತಂತು. ಎಚ್‌ಐವಿ ತಡೆಯೋದು ಅದರ ಒಂದು ಮುಖ್ಯ ಉದ್ದೇಶ. ಶಿಕ್ಷಕರಿಗೆ ಕೊಟ್ಟ ಚಿತ್ರಗಳು ಅಶ್ಲೀಲ ಅಂತ ಗಲಾಟೆ ಶುರುವಾಯ್ತು. 2007ರಲ್ಲಿ ಮಹಾರಾಷ್ಟ್ರ, ಗುಜರಾತ್, ಮಧ್ಯಪ್ರದೇಶದಂಥ ರಾಜ್ಯಗಳು ಅದನ್ನ ನಿಲ್ಲಿಸಿದವು. ಆ ಪಟ್ಟಿಯಲ್ಲಿ ನಮ್ಮ ಕರ್ನಾಟಕವೂ ಇತ್ತು.

ಅದೇ 2007ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ಒಂದು ಅಧ್ಯಯನ ಪ್ರಕಟಿಸಿತು. 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿದ್ದ ಅಧ್ಯಯನ ಅದು. ಅವರಲ್ಲಿ ಶೇ 53ಕ್ಕೂ ಹೆಚ್ಚು ಮಕ್ಕಳು ಒಂದಲ್ಲ ಒಂದು ರೀತಿಯ ಲೈಂಗಿಕ ದೌರ್ಜನ್ಯ ಅನುಭವಿಸಿದ್ದಾಗಿ ಹೇಳಿದ್ರು. ದೌರ್ಜನ್ಯ ಮಾಡಿದವರಲ್ಲಿ ಅರ್ಧದಷ್ಟು ಜನ ಮಗುವಿಗೆ ಗೊತ್ತಿದ್ದವರು, ನಂಬಿಕೆಯ ಜಾಗದಲ್ಲಿದ್ದವರು.

ಎರಡನ್ನೂ ಪಕ್ಕಪಕ್ಕ ಇಡಿ. ಸರ್ಕಾರದ ಒಂದು ಕೈ ಮಕ್ಕಳ ಮೇಲೆ ಏನಾಗ್ತಿದೆ ಅಂತ ಲೆಕ್ಕ ಬರೀತಿದೆ. ಇನ್ನೊಂದು ಕೈ ಅದರ ಬಗ್ಗೆ ಮಾತಾಡೋ ಪುಸ್ತಕ ಮುಚ್ಚಿಡ್ತಿದೆ.

2009ರಲ್ಲಿ ವೆಂಕಯ್ಯ ನಾಯ್ಡು ಅಧ್ಯಕ್ಷತೆಯ ರಾಜ್ಯಸಭೆಯ ಅರ್ಜಿಗಳ ಸಮಿತಿ, ನಮ್ಮ ಸಂಸ್ಕೃತಿಗೆ ಇದು ಹೊಂದಲ್ಲ, ಶಾಲೆಗಳಲ್ಲಿ ಲೈಂಗಿಕ ಶಿಕ್ಷಣ ಬೇಡ ಅಂತ ವರದಿ ಕೊಟ್ಟಿತು. ‘ಸಂಸ್ಕೃತಿ’ ಅಂದಾಗ ನನಗೆ ನೆನಪಾಗೋದು ಡಾ. ಅನುಪಮಾ ನಿರಂಜನ. ‘ದಾಂಪತ್ಯ ದೀಪಿಕೆ’, ‘ತಾಯಿ ಮಗು’ ಥರದ ಪುಸ್ತಕಗಳನ್ನ ಒಬ್ಬ ವೈದ್ಯೆ ಕನ್ನಡದಲ್ಲೇ ಬರೆದ್ರು, ಕನ್ನಡದ ಮನೆಗಳು ಓದಿದವು. ಹಾಗಾಗಿ ದೇಹದ ಬಗ್ಗೆ ಮರ್ಯಾದೆಯಿಂದ ಮಾತಾಡೋದು ನಮಗೆ ಹೊಸದೇನಲ್ಲ.

ಅಷ್ಟಕ್ಕೂ ಅದರಲ್ಲಿ ಕಲಿಸೋದೇನು?

‘ಲೈಂಗಿಕ ಶಿಕ್ಷಣ’ ಅಂದ ತಕ್ಷಣ ತುಂಬಾ ಜನರ ತಲೆಗೆ ಬರೋದು ‘ಸೆಕ್ಸ್ ಮಾಡೋದು ಹೇಗೆ ಅಂತ ಕಲಿಸ್ತಾರೆ’ ಅನ್ನೋದು. ಯುನೆಸ್ಕೊ ಮತ್ತು ವಿಶ್ವಸಂಸ್ಥೆಯ ಇತರ ಸಂಸ್ಥೆಗಳು ಸೇರಿ ಇದಕ್ಕೊಂದು ಮಾರ್ಗದರ್ಶಿ ಮಾಡಿವೆ. 2009ರಲ್ಲಿ ಮೊದಲು ಬಂತು, 2018ರಲ್ಲಿ ಪರಿಷ್ಕರಿಸಿದ್ರು. ಅದರಲ್ಲಿ 8 ವಿಷಯಗಳಿವೆ. ಸಂಬಂಧಗಳು, ಮೌಲ್ಯ ಮತ್ತು ಹಕ್ಕು, ಲಿಂಗ ಸಮಾನತೆ, ಹಿಂಸೆಯಿಂದ ಸುರಕ್ಷತೆ, ಆರೋಗ್ಯಕ್ಕೆ ಬೇಕಾದ ಕೌಶಲ, ದೇಹದ ಬೆಳವಣಿಗೆ, ಲೈಂಗಿಕತೆ, ಸಂತಾನೋತ್ಪತ್ತಿ ಆರೋಗ್ಯ.

ಎಲ್ಲವನ್ನೂ ಎಲ್ಲರಿಗೂ ಒಂದೇ ಸಲ ಹೇಳಲ್ಲ. ಒಂದನೇ ತರಗತಿ ಮಗುವಿಗೆ ತನ್ನ ಅಂಗಗಳ ಸರಿಯಾದ ಹೆಸರು, ‘ನನಗೆ ಇಷ್ಟ ಇಲ್ಲ’ ಅನ್ನೋ ಧೈರ್ಯ, ಹೇಳಿಕೊಳ್ಳೋಕೆ ನಂಬಿಕೆಯ ಒಬ್ಬ ದೊಡ್ಡವರು. ಮೈನೆರೆಯೋ ವಯಸ್ಸಿಗೆ ಮುಂಚೆ, ದೇಹದಲ್ಲಿ ಏನಾಗುತ್ತೆ ಅನ್ನೋ ತಿಳಿವಳಿಕೆ. ಹದಿಹರೆಯದಲ್ಲಿ ಒಪ್ಪಿಗೆ, ಗರ್ಭನಿರೋಧಕ, ಸೋಂಕು, ಫೋಟೊ ಕಳಿಸು ಅಂತ ಯಾರಾದ್ರೂ ಪೀಡಿಸಿದ್ರೆ ಏನು ಮಾಡಬೇಕು ಅನ್ನೋದು.

‘ಹೇಳಿಕೊಟ್ರೆ ಮಕ್ಕಳು ಕೆಡ್ತಾರೆ’ ಅನ್ನೋ ಭಯಕ್ಕೂ ಉತ್ತರ ಇದೆ. ಹಲವು ದೇಶಗಳ ಅಧ್ಯಯನಗಳನ್ನ ಒಟ್ಟಿಗೆ ನೋಡಿದ ಯುನೆಸ್ಕೊ ಕಂಡಿದ್ದು ಇದು: ಇಂಥ ಶಿಕ್ಷಣದಿಂದ ಮಕ್ಕಳ ಲೈಂಗಿಕ ಚಟುವಟಿಕೆ ಹೆಚ್ಚಲ್ಲ. ಸಂಯಮದ ಪಾಠ ಮಾತ್ರ ಹೇಳೋ ಕಾರ್ಯಕ್ರಮಗಳು ಮಾತ್ರ ಅಂದುಕೊಂಡ ಫಲ ಕೊಡಲ್ಲ.

ಇನ್ನೊಂದು ಪದ ‘ಲೈಂಗಿಕ ಕ್ಷೇಮ’. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಕಾಯಿಲೆ ಇಲ್ಲ ಅಂದ ಮಾತ್ರಕ್ಕೆ ಲೈಂಗಿಕ ಆರೋಗ್ಯ ಇದೆ ಅಂತಲ್ಲ. ಬಲವಂತ, ತಾರತಮ್ಯ, ಹಿಂಸೆ ಇಲ್ಲದ, ಸುರಕ್ಷಿತ ಮತ್ತು ಸುಖದ ಅನುಭವವೂ ಅದರ ಭಾಗ. ‘ಬೇಡ’ ಅನ್ನೋ ಹಕ್ಕು ಮದುವೆಯಾದ ಮೇಲೂ ಇರಬೇಕು. ಹುಡುಗನನ್ನ ಇಷ್ಟಪಡೋ ಹುಡುಗನೂ ಕ್ಲಾಸಲ್ಲಿ ಗೇಲಿಗೆ ಒಳಗಾಗದೆ ಕೂರಬೇಕು. ‘ಲೈಂಗಿಕ ಹಕ್ಕು’ ಅನ್ನೋ ದೊಡ್ಡ ಪದದ ಒಳಗೆ ಇರೋದು ಇವೇ.

ಜಪಾನ್: ತಂತ್ರಜ್ಞಾನ ಇದೆ, ಪಾಠಕ್ಕೆ ಬ್ರೇಕ್

ಈ ಮೌನ ನಮ್ಮೊಬ್ಬರದ್ದೇ ಅಂದುಕೋಬೇಡಿ. ಜಪಾನಿನ ಶಾಲಾ ಪಠ್ಯಕ್ರಮದಲ್ಲಿ ಒಂದು ಸಾಲಿದೆ. ಅಲ್ಲಿನವರೇ ಅದನ್ನ ‘ಹಾದೋಮೆ’ ಅಂತಾರೆ, ಅಂದ್ರೆ ಬ್ರೇಕ್. 5ನೇ ತರಗತಿ ವಿಜ್ಞಾನದಲ್ಲಿ ಭ್ರೂಣ ಬೆಳೆಯೋದನ್ನ ಹೇಳಬಹುದು, ಆದ್ರೆ ಗರ್ಭ ಕಟ್ಟೋವರೆಗಿನ ಪ್ರಕ್ರಿಯೆ ಹೇಳೋ ಹಾಗಿಲ್ಲ. ಕಥೆ ಮಧ್ಯದಿಂದ ಶುರು.

ಟೋಕಿಯೊದಲ್ಲಿ ನಾನಾಓ ಅಂತ ಒಂದು ವಿಶೇಷ ಶಾಲೆ. ಬೌದ್ಧಿಕ ಅಂಗವಿಕಲತೆ ಇರೋ ಮಕ್ಕಳು ಅಲ್ಲಿ ಓದ್ತಿದ್ರು. ಇಂಥ ಮಕ್ಕಳಿಗೆ ಅಮೂರ್ತ ಮಾತು ತಲುಪೋದು ಕಷ್ಟ. ಅದಕ್ಕೆ ಶಿಕ್ಷಕರು ಬೊಂಬೆಗಳನ್ನ ಇಟ್ಟುಕೊಂಡು, ದೇಹದ ಭಾಗಗಳ ಹೆಸರಿರೋ ಹಾಡು ಹಾಡಿಸಿ ಕಲಿಸ್ತಿದ್ರು. 2003ರಲ್ಲಿ ಕೆಲವು ರಾಜಕಾರಣಿಗಳು ಶಾಲೆಗೇ ಬಂದು ಇದು ಅಸಭ್ಯ ಅಂತ ಶಿಕ್ಷಕರ ಮೇಲೆ ಹರಿಹಾಯ್ದರು. ಬೊಂಬೆಗಳನ್ನ ತೆಗೆದುಕೊಂಡು ಹೋದ್ರು, ಶಿಕ್ಷಕರಿಗೆ ಶಿಸ್ತುಕ್ರಮದ ನೋಟಿಸ್ ಬಂತು.

ಶಿಕ್ಷಕರು ಕೋರ್ಟಿಗೆ ಹೋದ್ರು. 2009ರಲ್ಲಿ ಕೆಳ ನ್ಯಾಯಾಲಯದಲ್ಲಿ, 2011ರಲ್ಲಿ ಹೈಕೋರ್ಟಲ್ಲಿ ಗೆದ್ರು. 2013ರಲ್ಲಿ ಸುಪ್ರೀಂ ಕೋರ್ಟಲ್ಲಿ ತೀರ್ಪು ಖಾಯಂ ಆಯ್ತು. ಗೆಲ್ಲೋಕೆ ಹತ್ತು ವರ್ಷ. ಆ ಹತ್ತು ವರ್ಷದಲ್ಲಿ ಉಳಿದ ಶಾಲೆಗಳ ಶಿಕ್ಷಕರು ಏನು ಕಲಿತಿರ್ತಾರೆ ಹೇಳಿ? ಸುಮ್ನೆ ಇರೋದೇ ಕ್ಷೇಮ ಅಂತ. ನಮ್ಮಲ್ಲೂ ಸಂತಾನೋತ್ಪತ್ತಿ ಪಾಠ ಬಂದಾಗ ‘ಮನೇಲಿ ಓದ್ಕೊಳ್ಳಿ’ ಅಂದುಬಿಡೋ ಶಿಕ್ಷಕರನ್ನ ಬೈಯೋದು ಸುಲಭ. ನಾಳೆ ಪೋಷಕರು ಗೇಟ್ ಹತ್ರ ಬಂದು ಕೂಗಾಡಿದ್ರೆ ಅವರ ಬೆನ್ನಿಗೆ ನಿಲ್ಲೋರು ಯಾರು?

ಫಿಲಿಪ್ಪೀನ್ಸ್, ಥಾಯ್ಲೆಂಡ್: ಪಾಠದ ಜತೆ ಬಾಗಿಲೂ ಬೇಕು

ಫಿಲಿಪ್ಪೀನ್ಸ್ ಕ್ಯಾಥೊಲಿಕ್ ಚರ್ಚ್‌ನ ವಿರೋಧದ ನಡುವೆಯೂ 2012ರಲ್ಲಿ ಸಂತಾನೋತ್ಪತ್ತಿ ಆರೋಗ್ಯ ಕಾಯ್ದೆ ಮಾಡಿತು. ಅದರಲ್ಲಿ ಶಾಲಾ ಶಿಕ್ಷಣವೂ ಇದೆ. 2014ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕಾಯ್ದೆಯನ್ನ ಬಹುಪಾಲು ಎತ್ತಿಹಿಡಿಯಿತು. ಆದ್ರೆ ಈಗಾಗಲೇ ಮಗು ಹೆತ್ತಿರೋ ಅಪ್ರಾಪ್ತೆಯೂ ಪೋಷಕರ ಒಪ್ಪಿಗೆ ಇಲ್ಲದೆ ಗರ್ಭನಿರೋಧಕ ಪಡೆಯೋ ಹಾಗಿಲ್ಲ ಅಂತು. ಪಾಠ ಸಿಕ್ಕಿತು, ಕ್ಲಿನಿಕ್ಕಿನ ಬಾಗಿಲು ಮುಚ್ಚೇ ಉಳೀತು.

ಥಾಯ್ಲೆಂಡ್ 2016ರಲ್ಲಿ ಬೇರೆ ದಾರಿ ಹಿಡಿಯಿತು. ಹದಿಹರೆಯದ ಗರ್ಭಧಾರಣೆ ತಡೆಯೋಕೆ ಅಂತಲೇ ಒಂದು ಕಾಯ್ದೆ. 20ರೊಳಗಿನ ಹದಿಹರೆಯದವರಿಗೆ ಮಾಹಿತಿ, ಆರೋಗ್ಯ ಸೇವೆ, ಗೋಪ್ಯತೆ ಇವು ಹಕ್ಕು ಅಂತ ಬರೆದ್ರು. ಗರ್ಭಿಣಿಯಾದ ವಿದ್ಯಾರ್ಥಿನಿಯ ಓದು ನಿಲ್ಲದ ಹಾಗೆ ಶಾಲೆಯೇ ವ್ಯವಸ್ಥೆ ಮಾಡಬೇಕು ಅಂತಲೂ ಸೇರಿಸಿದ್ರು. ಇಲ್ಲಿ ಪಾಠ ಮತ್ತು ಬಾಗಿಲು ಎರಡೂ ಒಂದೇ ಕಾನೂನಿನೊಳಗಿವೆ.

ನಮ್ಮಲ್ಲಿ 17 ವರ್ಷದವರ ಪಾಡು

ಈಗ ವಾಪಸ್ ನಮ್ಮೂರಿಗೆ ಬರೋಣ. ಪೋಕ್ಸೊ ಪ್ರಕಾರ 18 ತುಂಬದವರ ಒಪ್ಪಿಗೆಗೆ ಕಾನೂನಿನ ಬೆಲೆ ಇಲ್ಲ. 17 ವರ್ಷದ ಇಬ್ಬರು ಪ್ರೀತಿಸಿ ಮುಂದುವರಿದ್ರೂ ಅದು ಅಪರಾಧವೇ. ವಿಷಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ವೈದ್ಯರೂ ಸೇರಿ. ಇದರ ಉದ್ದೇಶ ಒಳ್ಳೇದೇ. ಆದ್ರೆ ಮುಟ್ಟು ನಿಂತಿರೋ ಒಬ್ಬ ಹುಡುಗಿ ಭಯದಲ್ಲಿ ಆಸ್ಪತ್ರೆಗೆ ಹೋಗದೆ, ಯಾರೋ ಹೇಳಿದ ಮಾತ್ರೆ ನುಂಗ್ತಾಳೆ ಅಂದ್ರೆ ಅಲ್ಲಿ ಜೀವವೇ ಪಣಕ್ಕೆ ಬಿತ್ತು.

ಹಾಗಾಗಿ ಇದನ್ನ ದಯವಿಟ್ಟು ನೆನಪಿಟ್ಟುಕೊಳ್ಳಿ. 2022ರ ಸೆಪ್ಟೆಂಬರ್ 29ರ ತೀರ್ಪಲ್ಲಿ ಸುಪ್ರೀಂ ಕೋರ್ಟ್ ಎರಡು ಮುಖ್ಯ ಮಾತು ಹೇಳಿದೆ. ಒಂದು, ಸುರಕ್ಷಿತ ಗರ್ಭಪಾತದ ವಿಷಯದಲ್ಲಿ ಮದುವೆಯಾದವರು, ಆಗದವರು ಅಂತ ಭೇದ ಮಾಡೋ ಹಾಗಿಲ್ಲ. ಎರಡು, ಅಪ್ರಾಪ್ತೆ ಮತ್ತು ಅವಳ ಪೋಷಕರು ಕೇಳಿಕೊಂಡ್ರೆ, ಪೊಲೀಸರಿಗೆ ಕೊಡೋ ಮಾಹಿತಿಯಲ್ಲಿ ವೈದ್ಯರು ಅವಳ ಹೆಸರು, ಗುರುತು ಬರೆಯಬೇಕಿಲ್ಲ.

ಅದೇ ವರ್ಷ ನವೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ, 16 ದಾಟಿದ ಹುಡುಗಿಯರು ಪ್ರೀತಿಸಿ ಮನೆಬಿಟ್ಟು ಹೋದ ಪ್ರಕರಣಗಳು ಮತ್ತೆಮತ್ತೆ ಬರ್ತಿವೆ ಅಂತ ಗಮನಿಸಿತು. ಒಪ್ಪಿಗೆಯ ವಯಸ್ಸಿನ ಬಗ್ಗೆ ಯೋಚಿಸಿ ಅಂತ ಕಾನೂನು ಆಯೋಗಕ್ಕೆ ಹೇಳಿತು. 2023ರಲ್ಲಿ ಆಯೋಗ ವಯಸ್ಸು ಇಳಿಸೋದು ಬೇಡ ಅಂತು. ಆದ್ರೆ ಪೀಠ ಇನ್ನೊಂದು ಸೂಚನೆಯನ್ನೂ ಕೊಟ್ಟಿತ್ತು: ಕನಿಷ್ಠ 9ನೇ ತರಗತಿಯಿಂದ ಮಕ್ಕಳಿಗೆ ಈ ಕಾನೂನನ್ನ ತಿಳಿಸಿ. ಅಲ್ವಾ? ಹುಡುಗನನ್ನ ಜೈಲಿಗೆ ಹಾಕಬಲ್ಲ ಕಾನೂನು ಇದೆ ಅಂತ ಆ ಹುಡುಗನಿಗೆ ಮೊದಲು ಗೊತ್ತಾಗಬೇಕಲ್ವಾ?

2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಉತ್ತರ ಪ್ರದೇಶದ ಒಂದು ಪ್ರಕರಣದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 9ನೇ ತರಗತಿವರೆಗೂ ಕಾಯೋದು ಸರಿಯಲ್ಲ, ಇನ್ನೂ ಚಿಕ್ಕ ವಯಸ್ಸಿಂದ ಕಲಿಸಬೇಕು ಅಂತು. ಅದೇ ವರ್ಷ ನಮ್ಮ ರಾಜ್ಯದ ಶಿಕ್ಷಣ ಸಚಿವರೂ 8ರಿಂದ 12ನೇ ತರಗತಿವರೆಗೆ ಲೈಂಗಿಕ ಶಿಕ್ಷಣ ತರುವ ಮಾತಾಡಿದ್ರು. 2007ರಲ್ಲಿ ನಿಲ್ಲಿಸಿದ ರಾಜ್ಯದಲ್ಲಿ ಈ ಮಾತು ಬಂದಿದ್ದು 18 ವರ್ಷ ಆದ್ಮೇಲೆ. ನಿಷೇಧದ ವರ್ಷ ಹುಟ್ಟಿದ ಮಗು ಅಷ್ಟರಲ್ಲಿ ಮತದಾರರ ಪಟ್ಟಿಗೆ ಸೇರೋ ವಯಸ್ಸಿಗೆ ಬಂದಿತ್ತು.

ಅಂಗಡಿ ಖಾಲಿ ಇರಲ್ಲ

ಬಿ.ಕಾಂ ಓದಿರೋ ನನಗೆ ಇದು ಮಾರುಕಟ್ಟೆಯ ಸರಳ ಲೆಕ್ಕದ ಹಾಗೆ ಕಾಣುತ್ತೆ. ಬೇಡಿಕೆ ಇದ್ದೇ ಇದೆ. 13 ವರ್ಷದ ಪ್ರತಿ ತಲೆಯಲ್ಲೂ ಪ್ರಶ್ನೆ ಇದೆ. ಶಾಲೆ ಅಂಗಡಿ ಮುಚ್ಚಿದ್ರೆ ಪಕ್ಕದಲ್ಲಿ ಬೇರೆಯವರು ತೆಗೀತಾರೆ. ಬಸ್ ಸ್ಟ್ಯಾಂಡಿನ ಗೋಡೆ ಮೇಲೆ ‘ಗುಪ್ತರೋಗ ತಜ್ಞರು’, ‘ಪುರುಷ ದೌರ್ಬಲ್ಯಕ್ಕೆ ಗ್ಯಾರಂಟಿ ಚಿಕಿತ್ಸೆ’ ಅನ್ನೋ ಪೋಸ್ಟರ್ ನೋಡಿರ್ತೀರಿ. ವೀರ್ಯ ಹೋಗಿ ಶಕ್ತಿಯೇ ಹೋಯ್ತು ಅಂತ ಹುಡುಗರು ಕೊರಗೋದಕ್ಕೆ ಮನೋವೈದ್ಯರು ‘ಧಾತ್ ಸಿಂಡ್ರೋಮ್’ ಅಂತಾರೆ. 1960ರಲ್ಲೇ ಭಾರತದ ಮನೋವೈದ್ಯ ಎನ್.ಎನ್. ವಿಗ್ ಇದಕ್ಕೆ ಹೆಸರಿಟ್ರು. ‘ಇದು ಸಹಜ ಕಣೋ’ ಅನ್ನೋ ಒಂದು ವಾಕ್ಯದ ಕೊರತೆ ಮೇಲೆ ಇಷ್ಟು ವರ್ಷದಿಂದ ವ್ಯಾಪಾರ ನಡೀತಿದೆ. ಈಗ ಪೋಸ್ಟರ್ ಜತೆ ಮೊಬೈಲಲ್ಲಿ ಪೋರ್ನ್ ಇದೆ. ಅಲ್ಲಿ ಒಪ್ಪಿಗೆ ಕೇಳೋದನ್ನ ಯಾರೂ ಕಲಿಸಲ್ಲ.

ಈಗ ಏನಿದೆ, ಎಲ್ಲಿ ಹೋಗಬೇಕು

ಪೂರ್ತಿ ಕತ್ತಲೇನೂ ಇಲ್ಲ. 2014ರಲ್ಲಿ ಶುರುವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ 10ರಿಂದ 19 ವರ್ಷದವರಿಗಾಗಿಯೇ ಇದೆ. ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳಲ್ಲಿ ಇದರ ಅಡಿ ‘ಸ್ನೇಹ ಕ್ಲಿನಿಕ್’ ಅಂತ ಇವೆ. ಮುಟ್ಟಿನ ತೊಂದರೆ, ದೇಹದ ಬದಲಾವಣೆ, ಮನಸ್ಸಿನ ಗೊಂದಲ ಯಾವುದನ್ನ ಬೇಕಾದ್ರೂ ಕೇಳಬಹುದು. ಮಗು ಅಪಾಯದಲ್ಲಿದ್ರೆ 1098. ಮನಸ್ಸಿಗೆ ತೀರಾ ಕಷ್ಟ ಆದ್ರೆ ಟೆಲಿ ಮಾನಸ್, 14416.

2020ರಿಂದ ಆಯುಷ್ಮಾನ್ ಭಾರತ್ ಶಾಲಾ ಆರೋಗ್ಯ ಕಾರ್ಯಕ್ರಮದಲ್ಲಿ ಪ್ರತಿ ಶಾಲೆಯ ಇಬ್ಬರು ಶಿಕ್ಷಕರಿಗೆ ತರಬೇತಿ ಕೊಡೋ ಯೋಜನೆಯೂ ಇದೆ. ನಿಮ್ಮ ತಮ್ಮ, ತಂಗಿ ಓದೋ ಶಾಲೇಲಿ ಆ ಇಬ್ಬರು ಯಾರು ಅಂತ ಹೋಗಿ ಕೇಳಿ. ಎಸ್‌ಡಿಎಂಸಿ ಸಭೆಯಲ್ಲಿ ಅಪ್ಪ ಅಮ್ಮ ಕೇಳಿದ್ರೆ ಇನ್ನೂ ಒಳ್ಳೇದು. ವಿರೋಧಿಸೋರ ದನಿ ಶಾಲೆಗೆ ಯಾವಾಗಲೂ ಕೇಳಿಸುತ್ತೆ. ಬೇಕು ಅನ್ನೋರ ದನಿ ಕೇಳಿಸದಿದ್ರೆ ಶಿಕ್ಷಕರು ಸುಮ್ಮನಾಗೋದು ಸಹಜ.

ಮನೇಲಿ ಚಿಕ್ಕ ಮಕ್ಕಳಿದ್ರೆ ಸ್ನಾನ ಮಾಡಿಸುವಾಗ ಮೂಗು, ಕಿವಿ ಅಂತ ಹೇಳೋ ದನಿಯಲ್ಲೇ ಉಳಿದ ಹೆಸರನ್ನೂ ಹೇಳಿ. ನೀವು ನಾಚದಿದ್ರೆ ಅವರೂ ನಾಚಲ್ಲ.

ಇವತ್ತಿಗೆ ಇಷ್ಟು. ಪ್ರಶ್ನೆ ಇದ್ರೆ ವಾಯ್ಸ್ ನೋಟ್ ಕಳಿಸಿ, ಹೆಸರು ಹೇಳೋದು ಬೇಡ. ಮುಂದಿನ ಸಂಚಿಕೆಯಲ್ಲಿ ಸಿಗೋಣ.