ಪೈಪ್ ತಂಬಾಕಿಗೆ ಗಾಜಿನ ಜಾಡಿಯೇ ಲೇಸು

ಪೈಪ್ ತಂಬಾಕಿನ ತೇವ ಆರಿದರೆ ಅದು ಬೇಗನೆ ಉರಿದು ನಾಲಿಗೆಯನ್ನು ಚುರುಗುಟ್ಟಿಸುತ್ತದೆ. ತೇವ ಮಿತಿಮೀರಿದರೆ ಬೂಷ್ಟು ಹಿಡಿಯುತ್ತದೆ. (ತಾಜಾ ಆದರೂ ಒಣಗಿದರೂ ತಂಬಾಕಿನ ಕೇಡು ತಪ್ಪಿದ್ದಲ್ಲ, ಇಲ್ಲಿನ ಮಾತು ಶೇಖರಣೆಯದು ಮಾತ್ರ.) ಮೊಹರು ಒಡೆದ ತಗಡಿನ ಡಬ್ಬಿಯನ್ನು ಹೆಚ್ಚು ದಿನ ನಂಬುವಂತಿಲ್ಲ. ತೆಳು ಪ್ಲಾಸ್ಟಿಕ್ ಚೀಲವಂತೂ ತೇವವನ್ನೂ ಪರಿಮಳವನ್ನೂ ಬಿಟ್ಟುಕೊಡುತ್ತದೆ. ರಬ್ಬರ್ ಬಳೆಯುಳ್ಳ, ಬಿಗಿ ಮುಚ್ಚಳದ ಗಾಜಿನ ಜಾಡಿಯೇ ಲೇಸು. ಉಪ್ಪಿನಕಾಯಿ ತುಂಬಿಟ್ಟಿದ್ದ ಜಾಡಿ ಮಾತ್ರ ಬೇಡ. ಎಷ್ಟು ತೊಳೆದರೂ ಆ ರಬ್ಬರಿನ ವಾಸನೆ ಹೋಗದು. ದೊಡ್ಡದೊಂದಕ್ಕಿಂತ ಸಣ್ಣವು ನಾಲ್ಕು ಮೇಲು: ತೆರೆದಾಗ ಗಾಳಿಯಾಡುವುದು ಒಂದಕ್ಕಷ್ಟೇ. ಒಣಗಿದ ತಂಬಾಕಿಗೆ ಆಲೂಗಡ್ಡೆಯ ಹೋಳು ಹಾಕುವ ಹಳೆಯ ರೂಢಿ ಬೂಷ್ಟನ್ನು ಕರೆದು ತಂದಂತೆ. ಎಲೆಯ ಮೇಲೆ ಹೊಳೆಯುವ ಹರಳು ಕಂಡರೆ ಅಂಜಬೇಕಿಲ್ಲ. ನೂಲೆಳೆಯಂತೆ ಹಬ್ಬಿದ ಬಿಳುಪು ಕಂಡರೆ ಜಾಡಿಯಲ್ಲಿರುವುದಷ್ಟನ್ನೂ ಎಸೆಯಬೇಕು. ನಿಕೋಟಿನ್ ನುಂಗಿದರೆ ವಿಷವಾದ್ದರಿಂದ ಜಾಡಿಗಳು ಮಕ್ಕಳ ಕೈಗೆಟುಕದ ಕತ್ತಲೆಯ ಕಪಾಟಿನಲ್ಲಿರಲಿ.