ಅಕ್ಷರದ ಮುಖಭಾವ

ಆಕಾಶವಾಣಿಯಲ್ಲಿ ಮಾತನಾಡುವವನ ಮುಖವು ಕೇಳುವವರಿಗೆ ಕಾಣದು. ಆದರೂ ಅವನು ನಗುತ್ತಿರುವನೋ, ಗದರುತ್ತಿರುವನೋ ಎಂಬುದು ಧ್ವನಿಯಿಂದಲೇ ತಿಳಿದುಬರುತ್ತದೆ. “ಒಳಗೆ ಬನ್ನಿ” ಎಂಬ ಮಾತನ್ನು ಆದರದಿಂದಲೂ ಹೇಳಬಹುದು, ಅಪ್ಪಣೆಯಾಗಿಯೂ ಹೇಳಬಹುದು. ಅಚ್ಚಾದ ಮಾತಿಗೆ ಈ ಧ್ವನಿಯಿಲ್ಲವಷ್ಟೆ. ಅದರ ಸ್ಥಾನದಲ್ಲಿ ನಿಲ್ಲುವುದು ಅಕ್ಷರದ ಆಕಾರ. ಓದುವವನು ಪದದ ಅರ್ಥವನ್ನು ಗ್ರಹಿಸುವುದಕ್ಕೆ ಮೊದಲೇ ಅಕ್ಷರದ ದಪ್ಪ ತೆಳುವುಗಳೂ ಬಾಗು ಬಿಗುವುಗಳೂ ಅವನ ಮನಸ್ಸನ್ನು ಒಂದು ಕಡೆಗೆ ತಿರುಗಿಸಿರುತ್ತವೆ. ಮದುವೆಯ ಕರೆಯೋಲೆಯನ್ನು ನ್ಯಾಯಾಲಯದ ನೋಟೀಸಿನ ಅಕ್ಷರಗಳಲ್ಲಿ ಅಚ್ಚು ಹಾಕಿಸಿದರೆ ಅದರಲ್ಲಿ ಒಂದು ಪದವೂ ಬದಲಾಗದು. ಆದರೆ ನೆಂಟರು ಸಂತೋಷಪಡುವುದಕ್ಕೆ ಮುಂಚೆ ಒಂದು ಕ್ಷಣ ಬೆಚ್ಚುವರು.

ಅಕ್ಷರಕ್ಕೆ ಈ ಶಕ್ತಿಯು ಎಲ್ಲಿಂದ ಬಂತು? ವಿಚಾರಮಾಡಿದರೆ ಇದಕ್ಕೆ ಎರಡು ಮೂಲಗಳು ಕಾಣುತ್ತವೆ. ಒಂದು ರೂಪ, ಇನ್ನೊಂದು ರೂಢಿ.

ಮೊದಲು ರೂಪವನ್ನು ನೋಡೋಣ. ಕನ್ನಡದಲ್ಲಿ “ದನ”ಕ್ಕೂ “ಧನ”ಕ್ಕೂ ಇರುವ ಭೇದವೆಲ್ಲ ಅಕ್ಷರದ ಬುಡದಲ್ಲಿರುವ ಒಂದು ಸಣ್ಣ ಗೀಟು. ಪಕಾರಕ್ಕೂ ಷಕಾರಕ್ಕೂ ಇರುವ ವ್ಯತ್ಯಾಸವು ಹೊಟ್ಟೆಯೊಳಗಿನ ಒಂದು ಗೆರೆ. ಅಕ್ಷರವನ್ನು ಕಿರಿದುಮಾಡಿ ಗೆರೆಯನ್ನು ಬಲು ದಪ್ಪವಾಗಿಸಿದರೆ ಒಳಗಿನ ಬಿಳುಪು ಮುಚ್ಚಿಹೋಗಿ ಈ ಭೇದವೇ ಅಳಿಸಿಹೋಗುವುದು. “ರಾಷ್ಟ್ರ” ಎಂಬಂಥ ಪದದಲ್ಲಿ ಒತ್ತಕ್ಷರಗಳು ಸಾಲಿನ ಕೆಳಕ್ಕೆ ಇಳಿಯುತ್ತವೆ. ಆದುದರಿಂದ ಇಂಗ್ಲಿಷಿಗೆ ಸಾಕಾಗುವ ಸಾಲುಗಳ ಅಂತರವು ಕನ್ನಡಕ್ಕೆ ಸಾಲದು. ನಾಮಫಲಕದಲ್ಲಿ ಎರಡು ಭಾಷೆಗಳಿಗೂ ಒಂದೇ ಎತ್ತರದ ಜಾಗವನ್ನು ಅಳೆದುಕೊಟ್ಟರೆ, ಅದೇ ಜಾಗದಲ್ಲಿ ಒತ್ತನ್ನೂ ಗುಡಿಸನ್ನೂ ಹಿಡಿಸಬೇಕಾದ ಕನ್ನಡವು ಕುಗ್ಗಿ ನಿಲ್ಲಬೇಕಾಗುತ್ತದೆ. ಔಷಧದ ಸೀಸೆಯ ಮೇಲಿನ ಸೂಚನೆಯಲ್ಲಿ ಹೀಗಾದರೆ ಅದು ಕೇವಲ ಅಂದದ ಪ್ರಶ್ನೆಯಲ್ಲ, ದೇಹಕ್ಷೇಮದ ಪ್ರಶ್ನೆ.

ರೂಪದ ಗುಣವನ್ನು ಅರಿತು ನಡೆದುದಕ್ಕೆ ಒಂದು ಪ್ರಸಿದ್ಧವಾದ ನಿದರ್ಶನವು ಲಂಡನ್ ನಗರದಲ್ಲಿದೆ. ಅಲ್ಲಿಯ ನೆಲದಡಿಯ ರೈಲು ನಿಲ್ದಾಣಗಳ ಗೋಡೆಗಳು ಜಾಹೀರಾತುಗಳಿಂದ ತುಂಬಿಹೋಗಿ, ನಿಲ್ದಾಣದ ಹೆಸರು ಯಾವುದು, ಸೋಪಿನ ಹೆಸರು ಯಾವುದು ಎಂದು ಪ್ರಯಾಣಿಕರು ಹುಡುಕಬೇಕಾಗಿತ್ತು. ರೈಲು ಸಂಸ್ಥೆಯ ಅಧಿಕಾರಿಯಾಗಿದ್ದ ಫ್ರಾಂಕ್ ಪಿಕ್ ಎಂಬಾತನು 1913ರಲ್ಲಿ ಎಡ್ವರ್ಡ್ ಜಾನ್‌ಸ್ಟನ್ ಎಂಬ ಲಿಪಿಕಾರನನ್ನು ಇದಕ್ಕಾಗಿ ಗೊತ್ತುಮಾಡಿದನು. ಬಾಲವೂ ಬಳುಕೂ ಇಲ್ಲದ, ಒಂದೇ ದಪ್ಪದ ಗೆರೆಯ ನೇರವಾದ ಅಕ್ಷರಗಳು 1916ರಲ್ಲಿ ಬಳಕೆಗೆ ಬಂದುವು. ಅಲ್ಪಸ್ವಲ್ಪ ತಿದ್ದುಪಡಿಗಳೊಡನೆ ಅವು ಇಂದಿಗೂ ಅಲ್ಲಿ ನಿಂತಿವೆ. ಅವಸರದಲ್ಲಿರುವ ಪ್ರಯಾಣಿಕನಿಗೆ ದಾರಿ ತೋರುವ ಅಕ್ಷರವು ಶಾಂತವಾಗಿಯೂ ಸ್ಪಷ್ಟವಾಗಿಯೂ ಇರಬೇಕೆಂಬುದನ್ನು ಅವು ತೋರಿಸಿಕೊಟ್ಟುವು.

ಇನ್ನು ರೂಢಿಯ ಮಾತು. ‘ಟೈಮ್ಸ್ ನ್ಯೂ ರೋಮನ್’ ಎಂಬ ಅಕ್ಷರವು ಲಂಡನ್ನಿನ ‘ಟೈಮ್ಸ್’ ಪತ್ರಿಕೆಗಾಗಿ ರಚಿತವಾಗಿ 1932ರಲ್ಲಿ ಅದರಲ್ಲಿ ಕಾಣಿಸಿಕೊಂಡಿತು. ಪತ್ರಿಕೆ ಪುಸ್ತಕಗಳಲ್ಲಿ ಕಂಡು ಕಂಡು ಜನರಿಗೆ ಅದು ಗಾಂಭೀರ್ಯದ ಗುರುತಾಯಿತು. ಮುಂದೆ ಮೈಕ್ರೋಸಾಫ್ಟ್ ಸಂಸ್ಥೆಯ ವಿನ್ಸೆಂಟ್ ಕೊನೇರ್ ಎಂಬಾತನು, ಕಂಪ್ಯೂಟರಿನ ಪರದೆಯ ಮೇಲೆ ಒಂದು ಚಿತ್ರದ ನಾಯಿಯು ಇದೇ ಅಕ್ಷರಗಳಲ್ಲಿ ಮಾತನಾಡುತ್ತಿರುವುದನ್ನು ಕಂಡನು. ನಾಯಿಯ ಬಾಯಿಗೆ ಸಂಪಾದಕೀಯದ ದನಿ ಹೊಂದೀತೆ? 1994ರಲ್ಲಿ ಅವನು ‘ಕಾಮಿಕ್ ಸಾನ್ಸ್’ ಎಂಬ ಆಟದ ಅಕ್ಷರವನ್ನು ರಚಿಸಿದನು. 2012ರ ಜುಲೈ 4ರಂದು ಜಿನೀವಾದ ಬಳಿಯ ಸರ್ನ್ ಸಂಸ್ಥೆಯಲ್ಲಿ ಹಿಗ್ಸ್ ಕಣದ ಶೋಧವನ್ನು ಸಾರಿದಾಗ, ಒಂದು ಉಪನ್ಯಾಸದ ಚಿತ್ರಪಟಗಳು ಈ ಅಕ್ಷರದಲ್ಲಿಯೇ ಇದ್ದುವು. ವಿಜ್ಞಾನದ ಮಹತ್ತಾದ ವಾರ್ತೆಯನ್ನು ಕೇಳಿದವರಲ್ಲಿ ಎಷ್ಟೋ ಮಂದಿ ಕಣವನ್ನು ಬಿಟ್ಟು ಅಕ್ಷರವನ್ನು ಕುರಿತು ನಕ್ಕರು. ಶೋಧವು ಅದರಿಂದ ಕುಂದಲಿಲ್ಲ, ನಿಜ. ಆದರೆ ಮಾತು ಒಂದು, ದನಿ ಇನ್ನೊಂದು ಆದಾಗ ಲಕ್ಷ್ಯವು ಹೇಗೆ ಚದರುವುದೆಂಬುದಕ್ಕೆ ಇದು ಸಾಕ್ಷಿ.

ರೂಢಿಯು ನಗೆಯಲ್ಲಿಯೇ ಮುಗಿಯುವುದಿಲ್ಲ. ಜರ್ಮನಿಯಲ್ಲಿ ಶತಮಾನಗಳ ಕಾಲ ಪುಸ್ತಕಗಳು ‘ಫ್ರಾಕ್ಟೂರ್’ ಎಂಬ ಕೋನಕೋನವಾದ, ಮುರಿದಂತೆ ತೋರುವ ಅಕ್ಷರಗಳಲ್ಲಿ ಅಚ್ಚಾಗುತ್ತಿದ್ದುವು. ನಾಟ್ಸಿ ಸರ್ಕಾರವು ಮೊದಲು ಇದೇ ಅಪ್ಪಟ ಜರ್ಮನ್ ಲಿಪಿಯೆಂದು ಹೊಗಳಿತು. ಬಳಿಕ 1941ರ ಜನವರಿ 3ರ ಸುತ್ತೋಲೆಯಲ್ಲಿ ಅದನ್ನೇ ಯೆಹೂದ್ಯರ ಅಕ್ಷರವೆಂದು ಸುಳ್ಳುಹೇಳಿ ನಿಷೇಧಿಸಿತು. ಆ ಸುತ್ತೋಲೆಯ ಶಿರೋಲೇಖವೇ ಅಂಥ ಮುರಿದಕ್ಷರಗಳಲ್ಲಿ ಅಚ್ಚಾಗಿತ್ತೆಂಬುದು ವಿಪರ್ಯಾಸ. ಅಕ್ಷರದ ಒಂದು ಗೆರೆಯೂ ಬದಲಾಗಿರಲಿಲ್ಲ. ಅದಕ್ಕೆ ಅಂಟಿಸಿದ ಅರ್ಥ ಮಾತ್ರ ತಲೆಕೆಳಗಾಯಿತು. ಇಂದು ಅದೇ ಜಾತಿಯ ಅಕ್ಷರವು ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ತಲೆಬರಹದಲ್ಲಿ ಹಿರಿತನವನ್ನು ಸೂಚಿಸಿದರೆ, ಆ ದುರಾಡಳಿತವನ್ನು ನೆನೆವವರಿಗೆ ನಡುಕವನ್ನು ತರುತ್ತದೆ.

ಇಂಥ ಅಕ್ಷರಗಳು ರೂಢಿಯಲ್ಲಿದ್ದ ಜರ್ಮನಿಯಿಂದಲೇ ಬಂದ ಹರ್ಮನ್ ಮೊಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದುದು ನಮಗೆ ತಿಳಿದ ಸಂಗತಿ. ಅದು ಕಲ್ಲಚ್ಚಿನ ಪತ್ರಿಕೆ. ಕೈಯಿಂದ ಬರೆದ ಅಕ್ಷರವೇ ಕಾಗದಕ್ಕೆ ಇಳಿಯುತ್ತಿದ್ದುದರಿಂದ ಅದರಲ್ಲಿ ಬರೆದವನ ಕೈವಾಡವು ಉಳಿಯುತ್ತಿತ್ತು. ಅನಂತರ ಸೀಸದ ಮೊಳೆಗಳು ಬಂದು, ಅವೂ ಹೋಗಿ, ಈಗ ಗಣಕದ ಅಕ್ಷರಗಳ ಕಾಲ. ಕೈಯಲ್ಲಿ ಹಿಡಿದ ಫೋನಿನಲ್ಲಿ ಮಗು ಹುಟ್ಟಿದ ಸುದ್ದಿಯೂ, ಹಿರಿಯರು ತೀರಿಕೊಂಡ ಸುದ್ದಿಯೂ, ಬ್ಯಾಂಕಿನ ತಗಾದೆಯೂ ಒಂದೇ ಮುಖದ ಅಕ್ಷರಗಳಲ್ಲಿ ಬಂದು ನಿಲ್ಲುತ್ತವೆ. ಮೋಸಗಾರನು ಕಳುಹಿಸಿದ ಓಲೆಗೂ ಅದೇ ಮುಖ. ಹಾಗಾಗಿ ಅಕ್ಷರವು ಸಭ್ಯವಾಗಿ ಕಂಡ ಮಾತ್ರಕ್ಕೆ ಮಾತನ್ನು ನಂಬಲಾಗದು.

ಆದಕಾರಣ ಕರೆಯೋಲೆಯನ್ನಾಗಲಿ ಫಲಕವನ್ನಾಗಲಿ ಮಾಡಿಸುವಾಗ ಮೂರು ಪ್ರಶ್ನೆಗಳನ್ನು ಹಾಕಿಕೊಳ್ಳುವುದು ಲೇಸು. ಇದನ್ನು ಓದುವವರು ಯಾರು? ಎಷ್ಟು ದೂರದಿಂದ, ಎಂಥ ಬೆಳಕಿನಲ್ಲಿ ಓದುವರು? ಈ ಮಾತನ್ನು ಎದುರಿಗೆ ನಿಂತು ಆಡಬೇಕಾಗಿದ್ದರೆ ಯಾವ ದನಿಯಲ್ಲಿ ಆಡುತ್ತಿದ್ದೆವು? ಮುಪ್ಪಿನ ಕಣ್ಣಿಗೂ ಎಟುಕುವಂತೆ ಅಕ್ಷರವನ್ನು ಆರಿಸುವುದು ಅಲಂಕಾರವಲ್ಲ, ಓದುವವರಿಗೆ ನಾವು ಸಲ್ಲಿಸುವ ಮರ್ಯಾದೆ.